ಪಾಯಿಂಟ್ ಟೂ ಟೂ: ಒಂದು ಸಣ್ಣ ಬಂದೂಕಿನ ಚರಿತ್ರೆ

ಪುಣೆಯ ಖಡಕಿಯನ್ನು ಇತಿಹಾಸದ ಓದುಗರು 1817ರ ನವೆಂಬರ್ 5ರ ಕಾಳಗದಿಂದ ಗುರುತಿಸುತ್ತಾರೆ. ಎರಡನೆಯ ಬಾಜೀರಾವ್ ಪೇಶ್ವೆಯ ಸೇನೆ ಅಂದು ಅಲ್ಲಿ ಕಂಪನಿಯ ಸೇನೆಯೆದುರು ಸೋತಿತು. ಕೆಲವೇ ದಿನಗಳಲ್ಲಿ ಪುಣೆ ಇಂಗ್ಲಿಷರ ಕೈಸೇರಿತು. ಆದರೆ ಖಡಕಿಯ ಹೆಸರು ದೇಶದ ಮೂಲೆಮೂಲೆಗೆ ತಲುಪಿದ್ದು ಆ ಯುದ್ಧದಿಂದಲ್ಲ, 1869ರಲ್ಲಿ ಅಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆಯಿಂದ. ಅಲ್ಲಿ ತಯಾರಾದ ತೋಟೆಗಳ ಹಿತ್ತಾಳೆಯ ತಳದಲ್ಲಿ 'ಕೆ.ಎಫ್.' ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಅಚ್ಚೊತ್ತುತ್ತಿದ್ದರು. ಕಿರ್ಕೀ ಫ್ಯಾಕ್ಟರಿ ಎಂಬುದರ ಸಂಕ್ಷೇಪವದು. ಖಡಕಿಯನ್ನು ಎಂದೂ ಕಾಣದ ಸಿಪಾಯಿಗಳ ಅಂಗೈಯಲ್ಲಿ ಈ ಊರಿನ ಮೊದಲಕ್ಷರ ಇದ್ದೇ ಇತ್ತು.

ಈ ಲೇಖನದ ವಿಷಯ ಯುದ್ಧದ ಬಂದೂಕಲ್ಲ. ಅದರ ತಮ್ಮನಂತಿರುವ, 'ಪಾಯಿಂಟ್ ಟೂ ಟೂ' ಎಂದು ಎಲ್ಲರೂ ಕರೆಯುವ.22 ರೈಫಲ್ಲು. ಬೆಳೆ ತಿನ್ನುವ ಸಣ್ಣ ಪ್ರಾಣಿಗಳನ್ನು ಓಡಿಸಲು, ಕೊಲ್ಲಲು ಹುಟ್ಟಿಕೊಂಡ ಈ ಸಾಧನವನ್ನು ಅಮೆರಿಕದಲ್ಲಿ ಹಳೆಯ ಗಡಿಯಾರಗಳಂತೆ ಸಂಗ್ರಹಿಸುವವರಿದ್ದಾರೆ. ನಮ್ಮಲ್ಲಿ ಅಂಥ ಹವ್ಯಾಸ ಬೇರೂರಲಿಲ್ಲ. ಏಕೆಂದರೆ ನಮ್ಮ ಕಾನೂನಿನ ಕಣ್ಣಿಗೆ ಬಂದೂಕು ಎಂದೂ ಬರಿಯ ಆಸ್ತಿಯಾಗಿರಲಿಲ್ಲ, ಅದೊಂದು ಅನುಮತಿ. ಯಾರನ್ನು ನಂಬಬಹುದು, ಯಾರನ್ನು ನಂಬಲಾಗದು ಎಂಬ ಪ್ರಶ್ನೆಗೆ ಆಯಾ ಕಾಲದ ಸರಕಾರ ಕೊಟ್ಟ ಉತ್ತರವೇ ಈ ಸಣ್ಣ ಬಂದೂಕಿನ ಚರಿತ್ರೆ.

ಮೊದಲು ಯಂತ್ರದ ವಿಷಯ. 'ಬೋಲ್ಟ್ ಆಕ್ಷನ್' ಎಂಬ ಹೆಸರು ಕಠಿಣವೆನಿಸಿದರೂ ಅದರ ತತ್ತ್ವ ನಮ್ಮ ಮನೆಬಾಗಿಲಿನ ಚಿಲಕದ್ದೇ. ನಳಿಗೆಯ ಹಿಂಬದಿಯಲ್ಲಿ ಹಿಡಿಯುಳ್ಳ ಒಂದು ಉಕ್ಕಿನ ಅಗುಳಿ ಇರುತ್ತದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ತಿರುಗಿಸಿದರೆ ಹೊಸ ತೋಟೆ ನಳಿಗೆಯೊಳಗೆ ಕೂತು ಬಾಗಿಲು ಭದ್ರವಾಗುತ್ತದೆ. ಜರ್ಮನಿಯ ಮೌಸರ್ 1871ರ ಮಾದರಿಯಲ್ಲಿ ಇದನ್ನು ಗಟ್ಟಿಗೊಳಿಸಿದ. ಬ್ರಿಟಿಷ್ ಸೇನೆ 1888ರಲ್ಲಿ ಲೀ-ಮೆಟ್‌ಫರ್ಡನ್ನೂ 1895ರಲ್ಲಿ ಲೀ-ಎನ್‌ಫೀಲ್ಡನ್ನೂ ಒಪ್ಪಿಕೊಂಡಿತು. .22 ತೋಟೆಯ ವಂಶಾವಳಿ ಬೇರೆ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಮನೆಯೊಳಗಿನ ಗುರಿಯಾಟಕ್ಕೆಂದು ರೂಪಿಸಿದ ಪುಟ್ಟ ಗುಂಡು ಅದರ ಪೂರ್ವಜ. ಸಿಡಿಮದ್ದನ್ನು ತೋಟೆಯ ತಳದ ಅಂಚಿನ ಒಳಗೇ ತುಂಬುವ ಆ ಉಪಾಯವನ್ನು ಅಮೆರಿಕದವರು ಬೆಳೆಸಿದರು. ಅಲ್ಲಿಯ ಸ್ಟೀವನ್ಸ್ ಕಂಪನಿ 1887ರಲ್ಲಿ ತಂದ '.22 ಲಾಂಗ್ ರೈಫಲ್' ತೋಟೆಯೇ ಇಂದಿಗೂ ಬಳಕೆಯಲ್ಲಿದೆ. ಅದರ ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಸದ್ದು ಕಡಿಮೆ, ಹಿಂದೊದೆತ ಇಲ್ಲವೆನ್ನುವಷ್ಟು, ಬೆಲೆ ಅಗ್ಗ. ಇದೇ ವ್ಯಾಸದ ಆದರೆ ಬಹು ಹೆಚ್ಚು ವೇಗದ .22 ಹಾರ್ನೆಟ್ ತೋಟೆ 1930ರಲ್ಲಿ ಮಾರುಕಟ್ಟೆಗೆ ಬಂದಿತು. ಹೊಲ ತೋಡುವ ಪ್ರಾಣಿಗಳನ್ನು ದೂರದಿಂದ ಹೊಡೆಯುವ ಅಮೆರಿಕದ ರೈತನಿಗೆ ಅದು ಅಚ್ಚುಮೆಚ್ಚಾಯಿತು.

ಭಾರತದಲ್ಲಿ 'ಪೀಡೆಯ ಪ್ರಾಣಿ' ಎಂಬ ಮಾತಿಗೆ ವಸಾಹತು ಸರಕಾರ ಬಹು ವಿಸ್ತಾರವಾದ ಅರ್ಥ ಕೊಟ್ಟಿತ್ತು. ಹುಲಿ, ಚಿರತೆ, ತೋಳಗಳೆಲ್ಲ ಇನಾಮಿನ ಪಟ್ಟಿಯಲ್ಲಿದ್ದವು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಹತವಾದುವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜಿಸಿದ್ದಾರೆ. ಮಲೆನಾಡಿನ, ಕರಾವಳಿಯ ರೈತನಿಗೆ ಈ ಪಟ್ಟಿಗಿಂತ ತನ್ನ ಅಡಕೆ ತೋಟದ ಮಂಗ, ಗದ್ದೆಯ ಹಂದಿ ದೊಡ್ಡ ಚಿಂತೆ. ಅವನ ಕೈಯಲ್ಲಿದ್ದುದು ಹೆಚ್ಚಾಗಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅನುಕೂಲವಿದ್ದವನಲ್ಲಿ ಚರೆಯ ತೋಟೆ ಹಾಕುವ ಬಂದೂಕು. ರೈಫಲ್ಲು ಪ್ಲಾಂಟರ್, ಅಧಿಕಾರಿ, ಜಮೀನ್ದಾರರ ಮನೆಯ ವಸ್ತು.

ಈ ತಾರತಮ್ಯ ಕೇವಲ ದುಡ್ಡಿನದಲ್ಲ. 1857ರ ದಂಗೆಯ ನಂತರ ಜನರನ್ನು ನಿಶ್ಶಸ್ತ್ರಗೊಳಿಸುವುದು ಸರಕಾರದ ನೀತಿಯಾಯಿತು. ಲಾರ್ಡ್ ಲಿಟ್ಟನ್‌ನ ಕಾಲದ 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿತು. ಯುರೋಪಿಯನ್ನರಿಗೆ ವಿನಾಯಿತಿ ದೊರೆಯಿತು. ಸೇನೆಯ ತೋಟೆ ಕದ್ದು ಬಳಸಬಾರದೆಂದು ಸೇನೆಯ ವ್ಯಾಸದ ಬಂದೂಕುಗಳೇ ನಾಗರಿಕರಿಗೆ ನಿಷಿದ್ಧವಾದವು. .303 ಕೈತಪ್ಪಿದ್ದರಿಂದ ಇಂಗ್ಲೆಂಡಿನ ಬಿ.ಎಸ್.ಎ. ಮುಂತಾದ ಕಂಪನಿಗಳು ಆಸ್ಟ್ರಿಯಾದ ಒಂದು ಹಳೆಯ ಸೈನಿಕ ತೋಟೆಯನ್ನು ಆರಿಸಿ, ಭಾರತದ ಮಾರುಕಟ್ಟೆಗೆ .315 ರೈಫಲ್ಲು ತಯಾರಿಸಿದವು. ಸ್ವತಂತ್ರ ಭಾರತದ ಸರಕಾರಿ ಕಾರ್ಖಾನೆಗಳು ಅದೇ ವ್ಯಾಸವನ್ನು ಮುಂದುವರಿಸಿದವು. ನಂಬಿಕೆಯ ಕೊರತೆಯಿಂದ ಹುಟ್ಟಿದ ಒಂದು ಅಳತೆ ಹೀಗೆ ಶತಮಾನ ದಾಟಿತು.

ಇಷ್ಟು ಸಂಶಯದ ನಡುವೆ .22 ಮಾತ್ರ ಪಾಠಶಾಲೆಯ ಬಾಗಿಲಿನಿಂದ ಒಳಬಂದಿತು. ಅದಕ್ಕೆ ಕಾರಣ ದೂರದ ದಕ್ಷಿಣ ಆಫ್ರಿಕ. 1899ರಲ್ಲಿ ಆರಂಭವಾದ ಯುದ್ಧದಲ್ಲಿ ಬೋಅರ್ ರೈತರು ಮೌಸರ್ ರೈಫಲ್ಲು ಹಿಡಿದು ಬ್ರಿಟಿಷ್ ಸೇನೆಯನ್ನು ಕಂಗೆಡಿಸಿದರು. ಹೊಲದಲ್ಲಿ ಬೇಟೆಯಾಡಿ ಕಲಿತ ಅವರ ಗುರಿಯ ಮುಂದೆ ಕವಾಯತಿನ ಸಿಪಾಯಿ ಮಂಕಾದ. ಸೆರೆಸಿಕ್ಕ ಬೋಅರರಲ್ಲಿ ಹಲವರನ್ನು ಹಡಗೇರಿಸಿ ಭಾರತಕ್ಕೆ ತಂದರು; ಪುಣೆಯಿಂದ ಸುಮಾರು 120 ಕಿ.ಮೀ. ದೂರದ ಅಹಮದ್‌ನಗರದಲ್ಲಿಯೂ ನಮ್ಮ ಬಳ್ಳಾರಿಯಲ್ಲಿಯೂ ಅವರ ಸೆರೆಶಿಬಿರಗಳಿದ್ದವು. ಅತ್ತ ಇಂಗ್ಲೆಂಡಿನಲ್ಲಿ, ಹಿಂದೆ ಭಾರತದ ಮಹಾದಂಡನಾಯಕರಾಗಿದ್ದ ಲಾರ್ಡ್ ರಾಬರ್ಟ್ಸ್, ಸಾಮಾನ್ಯ ನಾಗರಿಕರೂ ಗುರಿ ಕಲಿಯಬೇಕೆಂದು ಪ್ರಚಾರ ಮಾಡಿದರು. 1901ರಲ್ಲಿ ಸಣ್ಣ ರೈಫಲ್ಲುಗಳ ಕ್ಲಬ್ಬುಗಳ ಸಂಘ ಹುಟ್ಟಿತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಸಣ್ಣ ವ್ಯಾಸದ ರೈಫಲ್ಲಿನ ಸ್ಪರ್ಧೆಗಳು ನಡೆದವು. ಪೀಡೆಪ್ರಾಣಿಯ ಬಂದೂಕು ಕಾಗದದ ಗುರಿಯ ಬಂದೂಕಾದದ್ದು ಹೀಗೆ.

ಸ್ವಾತಂತ್ರ್ಯದ ನಂತರ ನಾವು ಈ ಪಾಠವನ್ನು ಉಳಿಸಿಕೊಂಡೆವು. 1948ರ ಕಾಯಿದೆಯಿಂದ ಸ್ಥಾಪಿತವಾದ ಎನ್.ಸಿ.ಸಿ.ಯಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ಬೋರಲು ಮಲಗಿ ಮೊದಲ ಗುಂಡು ಹಾರಿಸಿದ್ದು .22 ರೈಫಲ್ಲಿನಿಂದ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಆರಂಭವಾಯಿತು. ಲೋಕಸಭೆಯ ಮೊದಲ ಸಭಾಪತಿಯಾದ ಗ. ವಾ. ಮಾವಳಂಕರ್ ಅದರ ಮೊದಲ ಅಧ್ಯಕ್ಷರು. 1959ರ ಶಸ್ತ್ರ ಕಾಯಿದೆಗೆ 1983ರಲ್ಲಿ ತಿದ್ದುಪಡಿ ತಂದು ಒಬ್ಬನಿಗೆ ಮೂರೇ ಬಂದೂಕು ಎಂಬ ಮಿತಿ ಹಾಕಿದಾಗ, ಅಧಿಕೃತ ರೈಫಲ್ ಕ್ಲಬ್ಬಿನ ಸದಸ್ಯರು ಗುರಿಯಭ್ಯಾಸಕ್ಕೆ ಬಳಸುವ .22 ರೈಫಲ್ಲಿಗೂ ಏರ್ ರೈಫಲ್ಲಿಗೂ ಆ ಮಿತಿ ಅನ್ವಯಿಸದೆಂದು ಅದರಲ್ಲಿಯೇ ಬರೆದರು. ಕಾಯಿದೆಯ ಭಾಷೆ ಒಣಗಿದ್ದು ನಿಜ. ಆದರೂ ಈ ಒಂದು ವಾಕ್ಯದಲ್ಲಿ ಸರಕಾರ ತನ್ನ ಹಳೆಯ ಸಂಶಯವನ್ನು ತುಸು ಸಡಿಲಿಸಿದೆ.

ಬಂದೂಕಿನ ವಿಷಯದಲ್ಲಿ ನಂಬಿಕೆಯ ಅತಿ ಹಳೆಯ ದಾಖಲೆ ಇರುವುದು ನಮ್ಮ ಕೊಡಗಿನಲ್ಲಿ. 1861ರ ಫೆಬ್ರವರಿ 26ರಂದು ಮೈಸೂರು-ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಘೋಷಿಸಿದರು. ಎರಡು ತಿಂಗಳೊಳಗೆ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಅವರು ತೀರಿಕೊಂಡರು. ಆದೇಶ ಮಾತ್ರ ಅವರಿಗಿಂತ ಬಹುಕಾಲ ಬಾಳಿತು. 1963ರಲ್ಲಿ ಭಾರತ ಸರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಮತ್ತೆ 10 ವರ್ಷಗಳಿಗೆ ವಿಸ್ತರಿಸಿತು. ಜನಾಂಗದ ಆಧಾರದ ಈ ಸವಲತ್ತು ಸಮಾನತೆಗೆ ವಿರುದ್ಧವೆಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಸಾಹತು ಸರಕಾರ ನಿಷ್ಠೆಗೆ ಕೊಟ್ಟ ಬಹುಮಾನ ಗಣರಾಜ್ಯದಲ್ಲಿ ಏಕೆ ಇರಬೇಕೆಂದು ಕೇಳುವುದು ತಪ್ಪಲ್ಲ. ಆದರೆ ಆದೇಶ ಹುಟ್ಟುವ ಮೊದಲೇ ಕೋವಿ ಆ ನಾಡಿನ ಬದುಕಿನೊಳಗೆ ಸೇರಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನೆರೆಗೆ ತಿಳಿಸುವುದು, ಪುತ್ತರಿಯಲ್ಲಿ ಕದಿರು ಕೊಯ್ಯುವ ಗಳಿಗೆಗೆ ಗುಂಡಿನ ಸದ್ದು, ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂವಿನ ಅಲಂಕಾರ: ಇವೆಲ್ಲ ಅಲ್ಲಿಯ ಪದ್ಧತಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಅಲ್ಲಿಯ ಸ್ಪರ್ಧೆಗಳಲ್ಲಿ .22ಕ್ಕೂ ಒಂದು ವಿಭಾಗವಿರುವುದುಂಟು.

ಕೊಡಗಿನ ಹೊರಗೆ ಹಳೆಯ .22ರ ದಾರಿ ಕಿರಿದಾಗುತ್ತ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಕಟ್ಟಿಹಾಕಿತು. ಮೊದಲು ಹುಲಿಯವರೆಗೆ ಚಾಚಿದ್ದ ಪೀಡೆಪ್ರಾಣಿಗಳ ಪಟ್ಟಿ ಕೊನೆಗೆ ಕಾಗೆ, ಬಾವಲಿ, ಇಲಿ, ಹೆಗ್ಗಣಗಳಿಗೆ ಬಂದು ನಿಂತು, 2022ರ ತಿದ್ದುಪಡಿಯಲ್ಲಿ ಆ ಪರಿಚ್ಛೇದವೇ ಇಲ್ಲವಾಯಿತು. ಇದು ಆಗಬೇಕಾಗಿದ್ದ ಕೆಲಸವೇ. ಹಂದಿ, ಮಂಗಗಳ ಕಾಟದಿಂದ ಬೆಳೆ ಕಳೆದುಕೊಳ್ಳುವ ರೈತನ ಅಳಲು ಮಾತ್ರ ಹಾಗೆಯೇ ಉಳಿದಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವನೂ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ. 1980ರ ದಶಕದ ನಂತರ ಸಾಮಾನ್ಯರಿಗೆ ವಿದೇಶದ ಬಂದೂಕು ಬರುವುದು ಬಹುಮಟ್ಟಿಗೆ ನಿಂತಿತು. 2019ರ ಡಿಸೆಂಬರಿನ ತಿದ್ದುಪಡಿ ಮೂರರ ಮಿತಿಯನ್ನು ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕದಲ್ಲಿ ಸೇರಿದವು. ಹೆಚ್ಚಿಗೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಾಯಿತು.

ಈ ಮಿತಿಗೆ ಸಕಾರಣವಿದೆ. ಬಂದೂಕು ಕಡಿಮೆ ಇರುವ ಸಮಾಜ ಹೆಚ್ಚು ನೆಮ್ಮದಿಯದು ಎಂಬುದನ್ನು ಅಮೆರಿಕದ ಸುದ್ದಿ ಓದುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಈ ಲೆಕ್ಕದಲ್ಲಿ ಮೊದಲು ಮನೆ ಬಿಡುವುದು ಯಾವುದು? ಪುಣೆಯಲ್ಲಾಗಲಿ ಮಲೆನಾಡಿನಲ್ಲಾಗಲಿ, ರಕ್ಷಣೆಗೆಂದು ಇಟ್ಟುಕೊಂಡ ಪಿಸ್ತೂಲು ಉಳಿಯುತ್ತದೆ. ಅಜ್ಜ ಕೊಂಡಿದ್ದ ಬಿ.ಎಸ್.ಎ.ಯೋ ಚೆಕೊಸ್ಲೊವಾಕಿಯಾದ ಬ್ರನೋ ನಗರದಿಂದ ಬಂದ .22ರೋ ಹೊರಡುತ್ತದೆ. ಪರವಾನಗಿದಾರ ತೀರಿಕೊಂಡಾಗ ಮಕ್ಕಳು ಹೊರದೇಶದಲ್ಲಿದ್ದರೆ ಅದು ಅಂಗಡಿಯವನ ಕೋಣೆಗೋ ಠಾಣೆಯ ಉಗ್ರಾಣಕ್ಕೋ ಸೇರುತ್ತದೆ. ಕತ್ತಿ, ಕಠಾರಿಗಳಿಗೆ ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಕಾದಿರುತ್ತದೆ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಈ ಸಣ್ಣ ರೈಫಲ್ಲನ್ನು ಕೇಳುವವರಿಲ್ಲ.

ವಿಪರ್ಯಾಸವೆಂದರೆ, ಇದೇ ಸಣ್ಣ ತೋಟೆ ಪುಣೆಗೆ ಹೊಸ ಹೆಸರು ತಂದಿದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ಇಂದು ಗುರಿ ಕಲಿಯುವ ಮಕ್ಕಳ ಸಾಲೇ ಇದೆ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್‌ನ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ, ಬಾಲೇವಾಡಿಯಲ್ಲಿ ಅಭ್ಯಾಸ ಮಾಡಿದ ರೈಲ್ವೆ ನೌಕರ, 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಆ ಸ್ಪರ್ಧೆಯಲ್ಲಿ 50 ಮೀಟರ್ ದೂರದ ಹತ್ತಂಕದ ವೃತ್ತದ ಅಗಲ 10.4 ಮಿ.ಮೀ. ಪ್ರತಿ ಗುಂಡಿಗೂ ಕೈಯಿಂದ ಅಗುಳಿ ಎಳೆದು ಒಂದೊಂದೇ ತೋಟೆ ಇಡಬೇಕು. ಯಂತ್ರದ ತತ್ತ್ವ ಅಜ್ಜನ ರೈಫಲ್ಲಿನದೇ, ತೋಟೆ 1887ರದೇ.

ಆದ್ದರಿಂದ ಹಳೆಯ .22 ಇರುವ ಮನೆಯವರಿಗೆ ಒಂದು ಸಲಹೆ. ಬಂದೂಕನ್ನು ಕಾನೂನಿನಂತೆ ಒಪ್ಪಿಸಿ. ಅದರ ಕತೆಯನ್ನು ಒಪ್ಪಿಸಬೇಡಿ. ನಳಿಗೆಯ ಮೇಲಿನ ಕಂಪನಿಯ ಮುದ್ರೆ, ಕೊಂಡವರ ಹೆಸರು, ಕೊಂಡ ವರ್ಷ, ಯಾವ ತೋಟವನ್ನು ಕಾಯಲು ಕೊಂಡರು ಎಂಬುದನ್ನು ಬರೆದಿಡಿ. ಮಡಿಕೆ ಬಿದ್ದ ಪರವಾನಗಿ ಪುಸ್ತಕವನ್ನು ಒಪ್ಪಿಸುವ ಮುನ್ನ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ಸರಕಾರ ಒಂದು ಮನೆತನವನ್ನು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ನಂಬಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇರೆ ಸಿಗದು.