ಕಟ್ಟುಕೊಡಗೆಯಿಂದ ಸಾಲಪತ್ರದವರೆಗೆ

ಸಂಡೂರು ತಾಲ್ಲೂಕಿನ ಯಶವಂತನಗರದಿಂದ ಹೊಸಪೇಟೆ, ಹಂಪಿ, ಕಂಪ್ಲಿಗಳವರೆಗೆ ಹಬ್ಬಿರುವ ಸೀಮೆಯ ಜನಪದರು ಕೆರೆ ಕಟ್ಟಿಸಿದವರನ್ನು ಪುಣ್ಯವಂತರೆಂದು ನೆನೆಯುತ್ತಾರೆ, ಸಾಲವನ್ನು ಶೂಲವೆನ್ನುತ್ತಾರೆ. ಲೋಕೋಪಯೋಗಿ ಕಾಮಗಾರಿಗಳಿಗೆ ಹಣ ಒದಗಿದ ಬಗೆಯನ್ನು ಪರಿಶೀಲಿಸಿದರೆ ಈ ಎರಡು ಮಾತುಗಳ ನಡುವಣ ನಂಟು ಗೋಚರವಾಗುತ್ತದೆ.

ವಿಜಯನಗರದ ಕಾಲದಲ್ಲಿ ಎಲ್ಲ ಕೆರೆಗಳನ್ನೂ ಅರಸರ ಬೊಕ್ಕಸವೇ ಕಟ್ಟಿಸಲಿಲ್ಲ. ಸ್ವಂತ ಹಣದಿಂದ ಕೆರೆ ಕಟ್ಟಿದವರಿಗೆ, ಒಡೆದ ಏರಿಯನ್ನು ದುರಸ್ತಿಗೊಳಿಸಿದವರಿಗೆ ಆ ಕೆರೆಯ ಕೆಳಗಿನ ಭೂಮಿಯ ಅಥವಾ ಫಸಲಿನ ಒಂದಂಶವನ್ನು ಬಿಟ್ಟುಕೊಡಲಾಗುತ್ತಿತ್ತು. ಶಾಸನಗಳು ಇದನ್ನು ದಶವಂದ, ಕಟ್ಟುಕೊಡಗೆ ಎಂದು ಕರೆಯುತ್ತವೆ. ಇದು ಇಂದಿನ ಅರ್ಥದ ಸಾಲವಲ್ಲ. ಆದರೆ ಹೂಡಿದ ಹಣಕ್ಕೆ ಪ್ರತಿಫಲ ಆ ಕಾಮಗಾರಿಯಿಂದಲೇ ಹುಟ್ಟಬೇಕೆಂಬ ನಿಯಮ ಇದರಲ್ಲಿ ಅಡಗಿತ್ತು. ಕೆರೆ ಬತ್ತಿದರೆ ಕೊಡಗೆಯೂ ಬತ್ತುತ್ತಿತ್ತು.

ಆಧುನಿಕ ಸಾಲಪತ್ರದ ಆಧಾರ ಬೇರೆ. ಸಂವಿಧಾನದ 293ನೆಯ ವಿಧಿಯಂತೆ ರಾಜ್ಯವು ತನ್ನ ಸಂಚಿತ ನಿಧಿಯ ಭದ್ರತೆಯ ಮೇಲೆ ದೇಶದೊಳಗೆ ಸಾಲ ಎತ್ತಬಹುದು. ಕೃಷ್ಣಾ ಕಣಿವೆಯಲ್ಲಿ ಬಚಾವತ್ ನ್ಯಾಯಾಧಿಕರಣದ ಹಂಚಿಕೆಯು 2000ದ ಮೇ ತಿಂಗಳ ಅನಂತರ ಮರುಪರಿಶೀಲನೆಗೆ ಒಳಪಡುವುದಿತ್ತು. ಅಷ್ಟರೊಳಗೆ ನೀರನ್ನು ಬಳಸಿಕೊಳ್ಳಬೇಕೆಂಬ ಅವಸರಕ್ಕೆ ವಾರ್ಷಿಕ ಆಯವ್ಯಯದ ಹಣ ಸಾಲಲಿಲ್ಲ. ಹಾಗಾಗಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು. ನಿಗಮವು ಸರ್ಕಾರದ ಖಾತರಿಯೊಂದಿಗೆ ಬಾಂಡುಗಳನ್ನು ಮಾರಿ ಹಣ ಸಂಗ್ರಹಿಸಿತು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೂ ರಾಜ್ಯದ ಖಾತರಿಯ ಮೇಲೆ 125 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರತಂದಿತು.

ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದಿತು. ಆದರೆ ಕಾಲುವೆಯ ನೀರಿನ ಕರ ಬಡ್ಡಿಗೆ ಸಾಟಿಯಾಗಲಿಲ್ಲ. ಆ ಹೊರೆಯನ್ನು ರಾಜ್ಯದ ಬೊಕ್ಕಸ ಹೊರಬೇಕಾಯಿತು. ಕಾಗದದಲ್ಲಿ ಸಾಲಗಾರ ನಿಗಮ. ವಾಸ್ತವದಲ್ಲಿ ಸಾಲಗಾರರು ಆ ನೀರನ್ನು ಕಾಣದ ಊರುಗಳ ತೆರಿಗೆದಾರರೂ ಹೌದು. ಈ ಅನುಭವದ ಹಿನ್ನೆಲೆಯಲ್ಲಿ 1999ರ ಕಾಯ್ದೆಯು ಸರ್ಕಾರಿ ಖಾತರಿಗಳಿಗೆ ಮಿತಿ ಹಾಕಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿ ಮೊದಲಿಗೆ ರೂಪಿಸಿದ ರಾಜ್ಯ ಕರ್ನಾಟಕ. 12ನೆಯ ಹಣಕಾಸು ಆಯೋಗದ ಶಿಫಾರಸಿನಂತೆ 2005ರಿಂದ ಕೇಂದ್ರದ ಯೋಜನಾ ಸಾಲಗಳು ನಿಂತವು. ಅಲ್ಲಿಂದ ಮುಂದೆ ರಿಸರ್ವ್ ಬ್ಯಾಂಕು ಹರಾಜು ನಡೆಸುವ ರಾಜ್ಯ ಅಭಿವೃದ್ಧಿ ಸಾಲಪತ್ರಗಳೇ ರಾಜ್ಯಗಳ ಮುಖ್ಯ ಆಸರೆಯಾದವು.

ಸಾಲಪತ್ರಕ್ಕೆ ಅವಧಿಯಿದೆ, ಕಟ್ಟಡಕ್ಕೂ ಆಯಸ್ಸಿದೆ. ಎರಡರ ಲೆಕ್ಕ ಕೂಡಿಬರಬೇಕು. 1945ರಲ್ಲಿ ಕಾಮಗಾರಿ ಆರಂಭವಾದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿಎಂಸಿಯಿಂದ ಹೂಳಿನಿಂದಾಗಿ 106 ಟಿಎಂಸಿಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಯಶವಂತನಗರದ ಸುತ್ತಣ ಗುಡ್ಡಗಳ ಅದಿರೂ ಒಮ್ಮೆ ಅಗೆದರೆ ಮರಳಿ ಬೆಳೆಯುವುದಿಲ್ಲ. ಇಂತಹ ನಾಡಿನಲ್ಲಿ ಸಾಲ ಎಷ್ಟೆಂಬುದಕ್ಕಿಂತ, ಅದು ಯಾವುದರ ಫಲದಿಂದ ತೀರುತ್ತದೆ ಎಂಬುದೇ ಮೊದಲ ಪ್ರಶ್ನೆ. ಕಟ್ಟುಕೊಡಗೆಯ ಶಾಸನಗಳು ಆ ಪ್ರಶ್ನೆಗೆ ಕೆರೆಯ ಏರಿಯ ಮೇಲೆಯೇ ಉತ್ತರ ಬರೆದಿಟ್ಟಿದ್ದವು.