ಊರಿನ ಅಕ್ಷರ: ಹಪ್ಪಳದ ಚೀಟಿಯಿಂದ ಹೊರಟ ಒಂದು ಚರಿತ್ರೆ

ಕಳೆದ ವರ್ಷ ವೃತ್ತಿ ಪರಿಚಯ ಮೇಳದ ಹೊತ್ತಿಗೆ ನಮ್ಮ ಶಾಲೆಯ ಕೆಲವು ಮಕ್ಕಳ ತಾಯಂದಿರು ಹಲಸಿನ ಹಪ್ಪಳ, ಮಾಂಬಳ, ಹಾಳೆತಟ್ಟೆಗಳನ್ನು ಮಾರಾಟಕ್ಕೆ ತಂದರು. ಎಲ್ಲರೂ ಕುಟುಂಬಶ್ರೀ ಘಟಕದವರು. ಪ್ಯಾಕೆಟಿಗೆ ಅಂಟಿಸುವ ಚೀಟಿಯ ಕೆಲಸ ಕನ್ನಡ ಮಾಷ್ಟ್ರುಗಳಾದ ನಮ್ಮ ಪಾಲಿಗೆ ಬಂತು. “ಮಾಷ್ಟ್ರೇ, ಅಕ್ಷರ ಸ್ವಲ್ಪ ಊರಿನ ಹಾಗೆ ಇರ್ಲಿ, ಕಂಪೆನಿ ಮಾಲಿನ ಹಾಗೆ ಬೇಡ” ಎಂದಷ್ಟೇ ಅವರು ಹೇಳಿದ್ದು.

ಪೇಟೆಯ ಮುದ್ರಣದಂಗಡಿಯವರು ಒಂದು ಮಾದರಿ ಮಾಡಿಕೊಟ್ಟರು. ಹಳೆಯ ಮರದ ಹಲಗೆಯಂತೆ ಅಂಚು ಒಡೆದ ಅಕ್ಷರಗಳು. ನೋಡಲು ಚಂದವೇ. ಆದರೆ ‘ಹಪ್ಪಳ’ ಎಂಬುದು ‘ಹಪ್‌ಪಳ’ ಆಗಿತ್ತು. ‘ಶುದ್ಧ’ದಲ್ಲಿ ಒತ್ತು ಬೇರೆಯಾದದ್ದು ಮಾತ್ರವಲ್ಲ, ಧಕಾರದ ಅಡಿಯ ಸೀಳು ಶಾಯಿಯಲ್ಲಿ ಮುಚ್ಚಿ ದಕಾರವೇ ಆಗಿಬಿಟ್ಟಿತ್ತು. ಮೂರನೇ ತರಗತಿಯ ಮಗುವೊಂದು ಓದಿ, “ಹಪ್ ಪಳ ಅಂದ್ರೆ ಎಂತದು ಸರ್?” ಎಂದು ಕೇಳಿತು. ನಾವು ಚೀಟಿಯನ್ನು ಹಿಂದಕ್ಕೆ ಕಳುಹಿಸಿದೆವು. ಹಾಗಾದರೆ ಊರಿನ ಅಕ್ಷರ ಎಂದರೆ ಯಾವುದು ಎಂಬ ಪ್ರಶ್ನೆ ಮಾತ್ರ ನಮ್ಮಲ್ಲೇ ಉಳಿಯಿತು.

ಅಂಚು ಒಡೆದ ಆ ಶೈಲಿಗೆ ಅದರದೇ ಊರಿದೆ. 1828ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬವರು ಮರದಲ್ಲಿ ಕೊರೆದ ದೊಡ್ಡ ಅಕ್ಷರಗಳ ಮಾದರಿ ಪುಸ್ತಕವನ್ನು ಹೊರತಂದರು. ಸೀಸದ ದೊಡ್ಡ ಅಕ್ಷರ ಭಾರ, ದುಬಾರಿ. ಮರದ್ದು ಹಗುರ, ಅಗ್ಗ. ಅಮೆರಿಕದ ಗೋಡೆಗಳ ಎಷ್ಟೋ ಜಾಹೀರಾತುಗಳು ಅದರಲ್ಲಿ ಅಚ್ಚಾದವು. ಬಳಸಿ ಬಳಸಿ ಮರ ಸವೆದಾಗ ಅಚ್ಚಿನಲ್ಲಿ ಬಿಳಿ ಗೀರುಗಳು ಮೂಡುತ್ತಿದ್ದವು. ಇಂದು ‘ರಸ್ಟಿಕ್’ ಎಂದು ಕರೆಯುವ ಎಷ್ಟೋ ಇಂಗ್ಲಿಷ್ ಫಾಂಟುಗಳು ನೆನಪಿಸುವುದು ಆ ಸವೆತವನ್ನು. ಕನ್ನಡದ ನೆನಪುಗಳು ಬೇರೆ.

ನಮ್ಮ ಲಿಪಿಯನ್ನು ಮೊದಲು ತಿದ್ದಿದ ಉಪಕರಣಗಳಲ್ಲಿ ಒಂದು ಉಳಿ. ಐದನೆಯ ಶತಮಾನದ್ದೆಂದು ಹೇಳುವ ಹಲ್ಮಿಡಿ ಶಾಸನದ ಅಕ್ಷರಗಳನ್ನು ಇಂದಿನ ಮಕ್ಕಳು ಓದಲಾರರು. ಇನ್ನೊಂದು ಕಂಟ. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಉದ್ದ ಅಡ್ಡಗೆರೆ ಎಳೆದರೆ ಗರಿ ಎಳೆಗುಂಟ ಸೀಳುವ ಭಯ. ಆದ್ದರಿಂದಲೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಂಟದ ಗೆರೆ ಎಲ್ಲ ಕಡೆಯೂ ಒಂದೇ ದಪ್ಪ. ಮೇಲೆ ಮಸಿ ಸವರಿ ಒರೆಸಿದಾಗಲೇ ಅದು ಸ್ಪಷ್ಟವಾಗಿ ಕಾಣುವುದು.

ಅಚ್ಚು ಬಂದದ್ದು ಬಹಳ ತಡವಾಗಿ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ದೂರದ ಸೆರಾಂಪುರದಲ್ಲಿ ಅಚ್ಚಾಯಿತು. ನಮ್ಮ ಪಕ್ಕದ ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಕಲ್ಲಚ್ಚು ಎಂದರೆ ಕೈಬರಹವನ್ನು ಕಲ್ಲಿಗೆ ಇಳಿಸಿ ಅಚ್ಚೊತ್ತುವುದು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಹೀಗೆಯೇ ಹೊರಬಂತು. ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಮೊಳೆಯವಲ್ಲ, ಯಾರೋ ಕೈಯಾರೆ ಬರೆದವು. ಮುಂದಿನ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಅಲ್ಲಿ ಮೊಳೆಯಚ್ಚಿಗೆ ತಿರುಗಿತು.

1851ರಲ್ಲಿ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದವರು ಜಾರ್ಜ್ ಪ್ಲೆಬ್ಸ್ಟ್. ಇದೇ ಮನುಷ್ಯ ಮುಂದೆ ಆವೆಮಣ್ಣಿನ ಕೆಲಸ ಕಲಿತು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕಾಸರಗೋಡಿನ ಹಳೆಯ ಮನೆಗಳ ಮಾಡಿನಿಂದ ಒಂದು ಹಂಚು ಇಳಿಸಿ ತಿರುಗಿಸಿ ನೋಡಿ: ಕಾರ್ಖಾನೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಉಬ್ಬಿ ನಿಂತಿರುತ್ತದೆ. ಸರಕಿನ ಮೇಲೆ ಹೆಸರೊತ್ತುವ ರೂಢಿಯನ್ನು ನಮ್ಮೂರಿನಲ್ಲಿ ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ವಸ್ತು ನಮಗೆ ಸಿಕ್ಕಿಲ್ಲ. ಮಣ್ಣಿನಲ್ಲಿ ಒತ್ತುವ ಅಕ್ಷರ ದಪ್ಪಗಿರಬೇಕು, ನಡುವೆ ಜಾಗ ಇರಬೇಕು. ಇಲ್ಲವಾದರೆ ಸುಟ್ಟ ಮೇಲೆ ಓದಲಾಗದು.

ಮೊಳೆಯಚ್ಚಿನ ಕಾಲದಲ್ಲಿ ಒತ್ತುಗಳಿಗೆ ಬೇರೆಯೇ ಮೊಳೆಗಳಿದ್ದವು. ಮೊಳೆ ಜೋಡಿಸುವವರು ಕನ್ನಡ ಬಲ್ಲವರು. ಪಕಾರದ ಕೆಳಗೆ ಒತ್ತು ಬಿಡುತ್ತಿರಲಿಲ್ಲ. ಅಂಗಡಿ ಬೋರ್ಡುಗಳದ್ದು ಇನ್ನೊಂದು ಲೋಕ. ಚಾಕ್ ಹಚ್ಚಿದ ದಾರವನ್ನು ಮೀಟಿ ಗೆರೆ ಹಾಕಿ, ಚಪ್ಪಟೆ ಕುಂಚದಿಂದ ಎನಾಮೆಲ್ ಪೈಂಟಿನಲ್ಲಿ ಬರೆಯುವ ಕಲಾವಿದರು ಮೊದಲು ನೋಡುತ್ತಿದ್ದುದು ಒತ್ತಿಗೆ ಕೆಳಗೆ ಜಾಗ ಇದೆಯೇ ಎಂದು. ತಲೆಕಟ್ಟನ್ನು ಒಂದೇ ಬೀಸಿನಲ್ಲಿ ಎಳೆದು, ಕೊಂಬನ್ನು ಬಾಲದಂತೆ ತಿರುಗಿಸಿ, ಕೊನೆಗೆ ನೆರಳು ಕೊಡುತ್ತಿದ್ದರು. ತಾಯಂದಿರು ಊರಿನ ಅಕ್ಷರ ಎಂದಾಗ ಅವರ ಕಣ್ಣಲ್ಲಿದ್ದದ್ದು ಬಹುಶಃ ಇದೇ.

ಕಂಪ್ಯೂಟರ್ ಬಂದ ಮೇಲೆ ಅಕ್ಷರ ಒಡೆಯತೊಡಗಿತು. 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’, ಅನಂತರದ ‘ನುಡಿ’ ನಮ್ಮಂಥವರಿಗೆ ಕನ್ನಡ ಟೈಪಿಂಗ್ ಕಲಿಸಿದವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸುತ್ತಿದ್ದುದರಿಂದ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಬರೀ ಗೋಜಲು. ಯುನಿಕೋಡ್ ಇದನ್ನು ಸರಿಪಡಿಸಿತು; 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಬಂತು. ಆದರೂ ವಿನ್ಯಾಸದ ಕೆಲವು ತಂತ್ರಾಂಶಗಳಿಗೆ, ಮುಖ್ಯವಾಗಿ ಹಳೆಯವಕ್ಕೆ, ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನಮ್ಮ ಹಪ್ಪಳ ಒಡೆದದ್ದು ಅಲ್ಲಿ.

ನೆರೆಯ ಮಲಯಾಳಕ್ಕೂ ಇಂಥದೇ ಅನುಭವವಿದೆ. 1971ರ ಲಿಪಿ ಸುಧಾರಣೆ ಅಚ್ಚು ಮತ್ತು ಟೈಪ್‌ರೈಟರಿನ ಅನುಕೂಲಕ್ಕಾಗಿ ಕೂಡಕ್ಷರಗಳನ್ನು ಬಿಡಿಸಿತು. 1999ರಲ್ಲಿ ‘ರಚನ’ ಬಳಗದವರು ಹಳೆಯ ಲಿಪಿಯನ್ನು ಕಂಪ್ಯೂಟರಿಗೆ ಮರಳಿ ತಂದರು. ಅವರ ಅಕ್ಷರ ಒಡೆದದ್ದು ಆದೇಶದಿಂದ. ನಮ್ಮದು ಒಡೆಯುತ್ತಿರುವುದು ಅಲಕ್ಷ್ಯದಿಂದ.

ಚೀಟಿ ಮಾಡಿಸುವ ಮೊದಲು ನಾವು ಈಗ ಇಷ್ಟು ನೋಡುತ್ತೇವೆ. ‘ಶುದ್ಧ’, ‘ಹಪ್ಪಳ’, ‘ಸ್ತ್ರೀ’, ‘ಸೂರ್ಯ’, ‘ರಾಷ್ಟ್ರ’ ಎಂದು ಟೈಪಿಸಿ ಒತ್ತು, ಅರ್ಕಾವತ್ತು ಸರಿಯಿದೆಯೇ ಎಂದು ಪರೀಕ್ಷೆ. ಚೀಟಿಯ ನಿಜವಾದ ಅಳತೆಯಲ್ಲೇ ಅಚ್ಚು ತೆಗೆದು ದ–ಧ, ಬ–ಭ, ಪ–ಫ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ನೋಟ. ಅಲಂಕಾರದ ಅಕ್ಷರ ಹೆಸರಿಗೆ ಮಾತ್ರ. ತೂಕ, ಬೆಲೆ, ತಯಾರಿಸಿದ ದಿನಾಂಕಕ್ಕೆ ಸಾದಾ ಅಕ್ಷರ. ಫಾಂಟಿನ ಪರವಾನಗಿ ವ್ಯಾಪಾರಕ್ಕೆ ಸಲ್ಲುತ್ತದೆಯೇ ಎಂದು ಓದಬೇಕು. ‘ಬಾಲೂ ತಮ್ಮ’, ‘ಅಕಾಯಾ ಕನ್ನಡಕ’ದಂಥ ಮುಕ್ತ ಫಾಂಟುಗಳನ್ನು ಹಣ ಕೊಡದೆ ಬಳಸಬಹುದು. ಮುದ್ರಣಕ್ಕೆ ಕೊಡುವಾಗ ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿ ಪಿಡಿಎಫ್ ಮಾಡಿದರೆ ದಾರಿಯಲ್ಲಿ ಒಡೆಯುವುದಿಲ್ಲ.

ನಮ್ಮ ಹಪ್ಪಳಕ್ಕೆ ಕೊನೆಗೆ ಫಾಂಟು ಬೇಕಾಗಲಿಲ್ಲ. ಶಾಲೆಯ ಬೋರ್ಡು ಬರೆದಿದ್ದ ಹಿರಿಯ ಕಲಾವಿದರೊಬ್ಬರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋದೆವು. ಕೈ ಸ್ವಲ್ಪ ನಡುಗುತ್ತಿದ್ದರೂ ಡ್ರಾಯಿಂಗ್ ಹಾಳೆಯ ಮೇಲೆ ‘ಹಲಸಿನ ಹಪ್ಪಳ’ ಎಂದು ಮೂರು ಸಲ ಬರೆದುಕೊಟ್ಟರು. ಎರಡನೆಯದನ್ನು ಸ್ಕ್ಯಾನ್ ಮಾಡಿಸಿದೆವು. ಕುಂಚ ಒಣಗಿ ಅಂಚು ತುಸು ಒರಟಾಗಿತ್ತು, ಆದರೆ ಪಕಾರದ ಒತ್ತು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಪೇಟೆಯ ಬೋರ್ಡುಗಳಲ್ಲಿ ಕನ್ನಡ ಕಡಿಮೆಯಾಗುತ್ತಾ ಬಂದಿದೆ. ನಮ್ಮ ಮಕ್ಕಳಿಗೆ ಪಾಠಪುಸ್ತಕದ ಹೊರಗೆ ಓದಲು ಸಿಗುವ ಕನ್ನಡ ಕೆಲವೊಮ್ಮೆ ಇಂಥ ಪ್ಯಾಕೆಟಿನ ಮೇಲಿನದ್ದು ಮಾತ್ರ. ಅದು ತಪ್ಪಾಗಿದ್ದರೆ ಅವರು ತಪ್ಪನ್ನೇ ಕಲಿಯುತ್ತಾರೆ. ನಿಮ್ಮ ಊರಿನಲ್ಲಿ ಕುಂಚದಿಂದ ಬರೆದ ಹಳೆಯ ಕನ್ನಡ ಬೋರ್ಡು ಇನ್ನೂ ಉಳಿದಿದ್ದರೆ ಅದನ್ನು ತೆಗೆಯುವ ಮೊದಲು ಒಂದು ಫೋಟೋ ತೆಗೆದಿಡಿ. ಬರೆದವರು ಬದುಕಿದ್ದರೆ ಮಕ್ಕಳನ್ನು ಒಮ್ಮೆ ಅವರ ಮನೆಗೆ ಕರೆದುಕೊಂಡು ಹೋಗಿ.