ಬಡ ಮಕ್ಕಳಿಗೆ ಯಾಕಿಲ್ಲ ತುಟ್ಟಿಭತ್ಯೆ?

ಮನೇಲಿ ಯಾರಾದ್ರೂ ಸರ್ಕಾರಿ ನೌಕರಿಯಲ್ಲಿದ್ರೆ "ಡಿಎ ಏರಿತಂತೆ" ಅನ್ನೋ ಮಾತು ಕೇಳಿರ್ತೀರಿ. ಡಿಎ ಅಂದ್ರೆ ತುಟ್ಟಿಭತ್ಯೆ. ಅಕ್ಕಿ, ಎಣ್ಣೆ, ಬಸ್ ಚಾರ್ಜು ಏರಿದ ಹಾಗೆ ಕೈಗೆ ಬರೋ ದುಡ್ಡೂ ಏರೋ ವ್ಯವಸ್ಥೆ. ಇವತ್ತಿನ ಕಥೆ, ಅಂಥ ಏರಿಕೆ ಸಿಗದೇ ಹೋದ ಅಮೆರಿಕದ ಬಡ ಮಕ್ಕಳದ್ದು.

1935, ಆರ್ಥಿಕ ಮಹಾಕುಸಿತದ ಕಾಲ. ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ, ತಂದೆಯ ಅಥವಾ ತಾಯಿಯ ಆಸರೆ ತಪ್ಪಿದ ಬಡ ಮಕ್ಕಳಿಗೂ ನೆರವು ಸೇರಿತು. ಖರ್ಚಿನಲ್ಲಿ ಕೇಂದ್ರಕ್ಕೂ ಪಾಲು, ರಾಜ್ಯಕ್ಕೂ ಪಾಲು. ಆದರೆ ಎಷ್ಟು ಕೊಡಬೇಕು ಅನ್ನೋದು ರಾಜ್ಯದ ಕೈಯಲ್ಲಿ.

1967ರಲ್ಲಿ ಹೊಸ ನಿಯಮ ಬಂತು: ಒಂದು ಕುಟುಂಬ ಬದುಕೋಕೆ ಎಷ್ಟು ಬೇಕು ಅನ್ನೋ ಲೆಕ್ಕವನ್ನು 1969ರ ಜುಲೈ ಒಳಗೆ ಆಗಿನ ಬೆಲೆಗೆ ತಕ್ಕಂತೆ ತಿದ್ದಬೇಕು. ಟೆಕ್ಸಾಸ್ ಏನು ಮಾಡ್ತು ನೋಡಿ. ನೆರವಿನ ಖರ್ಚಿಗೆ ಆ ರಾಜ್ಯದ ಸಂವಿಧಾನದಲ್ಲೇ ಮಿತಿ ಇತ್ತು. ಹಾಗಾಗಿ ಲೆಕ್ಕವನ್ನು ಶೇ. 11 ಏರಿಸಿ, ಮಕ್ಕಳಿರೋ ಕುಟುಂಬಗಳಿಗೆ ಅದರಲ್ಲಿ ಅರ್ಧ ಮಾತ್ರ ಕೊಡ್ತು! ಆಮೇಲೆ ಅದು ಶೇ. 75 ಆಯ್ತು. ಅಲ್ಲೇ ಬಡ ವೃದ್ಧರಿಗೆ ಶೇ. 100, ಅಂಧರಿಗೆ, ಅಂಗವಿಕಲರಿಗೆ ಶೇ. 95. ಮಕ್ಕಳ ನೆರವು ಪಡೀತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ ಮತ್ತು ಮೆಕ್ಸಿಕನ್ ಮೂಲದವರು. ಅವರು ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್ ಟೆಕ್ಸಾಸ್ ಪರವಾಗಿ ತೀರ್ಪು ಕೊಟ್ಟಿತು.

ಅದೇ 1972ರಲ್ಲಿ, ನಿವೃತ್ತರ ಪಿಂಚಣಿ ಬೆಲೆ ಜೊತೆ ತಾನಾಗಿಯೇ ಏರಬೇಕು ಅಂತ ಕಾನೂನಾಯ್ತು. 1975ರಿಂದ ಜಾರಿ. ಮಕ್ಕಳ ನೆರವಿಗೆ ಆ ಭಾಗ್ಯ ಬರಲಿಲ್ಲ.

ಫಲ? ಟೆಕ್ಸಾಸ್‌ನಲ್ಲಿ ಮೂರು ಜನರ ಕುಟುಂಬಕ್ಕೆ ತಿಂಗಳಿಗೆ ಸಿಗ್ತಿದ್ದ ಗರಿಷ್ಠ ನೆರವು 1970ರಲ್ಲಿ 148 ಡಾಲರ್, 1996ರಲ್ಲಿ 188. ಆ ಅವಧಿಯಲ್ಲಿ ಬೆಲೆಗಳು ಸುಮಾರು 4 ಪಟ್ಟು ಏರಿದ್ದವು. ಕಾಗದದ ಮೇಲೆ 40 ಡಾಲರ್ ಏರಿಕೆ. ಅಂಗಡಿಗೆ ಹೋದರೆ ಮೊದಲಿನ ಮೂರನೇ ಒಂದು ಭಾಗದಷ್ಟು ಸಾಮಾನೂ ಬರ್ತಿರಲಿಲ್ಲ.

1996ರಲ್ಲಿ ಕ್ಲಿಂಟನ್ ಈ ಯೋಜನೆಯನ್ನೇ ಮುಗಿಸಿ ಹೊಸದು ತಂದರು. ಅದಕ್ಕೆ ಕೇಂದ್ರದ ಪಾಲು ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್. ಅದಕ್ಕೂ ಬೆಲೆ ಏರಿಕೆಯ ಲೆಕ್ಕ ಸೇರಿಸಲಿಲ್ಲ.

ನೆರವು ಕಡಿತ ಮಾಡೋಕೆ ಮಸೂದೆ, ಮತದಾನ ಯಾವುದೂ ಬೇಕಾಗಿಲ್ಲ. ಏರಿಸದೆ ಸುಮ್ಮನಿದ್ರೆ ಸಾಕು. ಸರ್ಕಾರ ಉಳಿಸಿದ ಆ ಖರ್ಚು ಕೊನೆಗೆ ಯಾವುದೋ ತಾಯಿಯ ಅಡುಗೆಮನೆಗೆ ಬಂದು ಬೀಳುತ್ತೆ.

ಮುಂದೆ ಯಾರಾದ್ರೂ "ತಿಂಗಳಿಗೆ ಇಷ್ಟು ಕೊಡ್ತೀವಿ" ಅಂದಾಗ ಒಂದು ಪ್ರಶ್ನೆ ಕೇಳಿ: ಹತ್ತು ವರ್ಷದ ಮೇಲೆ ಆ ದುಡ್ಡಿಗೆ ಏನು ಬರುತ್ತೆ?

#ಇತಿಹಾಸ #ಕನ್ನಡ